ಫ್ರಿಜ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುನ್ನ ಫ್ಯಾನ್ ನೋಡಿ

ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸ್ ಖಾಲಿಯಾಗಿದೆ ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಯಾವಾಗಲೂ ನಿಜವಲ್ಲ. ಗ್ಯಾಸ್ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಸೋರಿಕೆಯಾಗದೆ ಖಾಲಿಯಾಗದು.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಫ್ರೀಜರ್ ಹಿಂಭಾಗದ ಫ್ಯಾನ್ ತಂಪು ಗಾಳಿಯನ್ನು ಕೆಳಗೆ ತಳ್ಳುತ್ತದೆ. ಮೇಲೆ ಐಸ್ ಗಟ್ಟಿಯಾಗಿದ್ದೂ ಕೆಳಗೆ ಹಾಲು ಕೆಡುತ್ತಿದ್ದರೆ ಮೊದಲು ಈ ಫ್ಯಾನ್ ಮೇಲೆ ಅನುಮಾನಪಡಿ.

ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರ್ ಬಾಗಿಲು ತೆರೆದು, ಬಾಗಿಲ ಸ್ವಿಚ್ ಒತ್ತಿ ಹಿಡಿದು ಕಿವಿಗೊಡಿ. ಕರಕರ ಸದ್ದು ಬಂದರೆ ರೆಕ್ಕೆಗೆ ಮಂಜುಗಡ್ಡೆ ತಾಗುತ್ತಿರಬಹುದು. ಪ್ಲಗ್ ಕಿತ್ತು, ಆಹಾರ ಹೊರತೆಗೆದು, ಬಾಗಿಲು ತೆರೆದು ಒಂದು ದಿನ ಬಿಡಿ. ಚಾಕುವಿನಿಂದ ಕೆರೆಯಬೇಡಿ, ಕೊಳವೆ ತೂತಾದರೆ ನಿಜಕ್ಕೂ ಗ್ಯಾಸ್ ಹೋಗುತ್ತದೆ!

ಕೆಲವೇ ದಿನಗಳಲ್ಲಿ ಮತ್ತೆ ಮಂಜು ಕಟ್ಟಿದರೆ ಡಿಫ್ರಾಸ್ಟ್ ಹೀಟರ್ ಅಥವಾ ಸೆನ್ಸರ್ ಕೆಟ್ಟಿರಬಹುದು. ಫ್ಯಾನ್ ತಿರುಗದೇ ಇದ್ದರೆ ಮೋಟಾರ್ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ಸೋರಿಕೆ ಎಲ್ಲಿದೆ ಎಂದು ತೋರಿಸದೆ ಗ್ಯಾಸ್ ತುಂಬಲು ಒಪ್ಪಬೇಡಿ.