ಮದರಾಸಿನ ನೀರು, ಟ್ರೈಪನ ಆಕಾಶ

ಲಿನಿಯಸ್ ಟ್ರೈಪ್ 1858ರಲ್ಲಿ ಮಧುರೆ, ತಂಜಾವೂರುಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ನೋಡುವವರ ಕಣ್ಣು ಸಹಜವಾಗಿ ಗೋಪುರಗಳ ಮೇಲೆಯೇ ನಿಲ್ಲುತ್ತದೆ. ನನ್ನ ಕಣ್ಣೂ ಬಹುಕಾಲ ಅಲ್ಲಿಯೇ ನಿಂತಿತ್ತು. ಗೋಪುರದ ಹಿಂದಿನ ಆಕಾಶವನ್ನು ಗಮನಿಸತೊಡಗಿದ್ದು, ಚೆನ್ನೈನ ನನ್ನ ಬಾಡಿಗೆ ಮನೆಯ ಬಚ್ಚಲಿನಲ್ಲಿ ಒಂದು ಸುರುಳಿ ಕಪ್ಪು-ಬಿಳುಪು ಫಿಲ್ಮನ್ನು ನಾನೇ ಕೆಡಿಸಿಕೊಂಡ ಮೇಲೆ.

ಹಳೇಬೀಡಿನಲ್ಲಿ ತೆಗೆದ ಸುರುಳಿ ಅದು. ಅವಧಿ ಮೀರಿದ ಹಳೆಯ ಫಿಲ್ಮು. ಕೊನೆಯ ಮೂರು ಚಿತ್ರಗಳಲ್ಲಿ ನನ್ನ ಸೋದರತ್ತೆ ಹೊಯ್ಸಳೇಶ್ವರ ದೇಗುಲದ ಜಗತಿಯ ಮೇಲೆ ಕುಳಿತಿದ್ದರು. ತೊಳೆಯುವುದನ್ನು ತಿಂಗಳುಗಟ್ಟಲೆ ಮುಂದೂಡಿದ್ದೆ. ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಊರಿನಿಂದ ಹಿಂದಿರುಗಿದ ವಾರವೇ ಆ ಕೆಲಸಕ್ಕೆ ಕೈಹಾಕಿದೆ. ಮೇ ತಿಂಗಳು. ಪುಸ್ತಕದಲ್ಲಿ 20 ಡಿಗ್ರಿ ಎಂದಿದೆಯಲ್ಲ ಎಂದು ಡೆವಲಪರನ್ನು ಮಂಜುಗಡ್ಡೆಯ ಪಾತ್ರೆಯಲ್ಲಿಟ್ಟು ತಣಿಸಿದೆ. ಹೈಪೋವನ್ನೂ ತಣಿಸಿದೆ. ಕೊನೆಗೆ ತೊಳೆಯಲು ಮಾತ್ರ ನೇರವಾಗಿ ನಲ್ಲಿ ತಿರುಗಿಸಿದೆ. ತಾರಸಿಯ ತೊಟ್ಟಿಯಲ್ಲಿ ದಿನವೆಲ್ಲ ಕಾದ ನೀರು ಅದು. ಒಣಗಿದ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಆಕಾಶದ ತುಂಬ, ಬತ್ತಿದ ಕೆರೆಯಂಗಳದ ಮಣ್ಣು ಬಿರಿದಂತೆ, ಸಣ್ಣ ಬಲೆ ಹರಡಿತ್ತು. ಅತ್ತೆಯ ಮುಖದ ಮೇಲೂ.

ಕೆಟ್ಟ ಫಿಲ್ಮನ್ನು ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಅಂಚನ್ನು ನೋಡಬೇಕು. ಚಿತ್ರಗಳ ಸಂಖ್ಯೆಯನ್ನೂ ತಯಾರಕರ ಹೆಸರನ್ನೂ ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಅಲ್ಲಿ ಮುದ್ರಿಸಿರುತ್ತಾರೆ. ಅಂಚಿನ ಅಕ್ಷರಗಳು ದಟ್ಟವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ತಪ್ಪು ಕ್ಯಾಮೆರಾ ಹಿಡಿದವನದು. ಅಕ್ಷರಗಳೂ ಮಂಕಾಗಿದ್ದರೆ ಡೆವಲಪರಿನದು. ಫಿಲ್ಮು ಹಾಲುಹಾಲಾಗಿದ್ದರೆ ಹೈಪೋ ಸಾಲದಾಗಿದೆ. ಹೊಸ ಹೈಪೋದಲ್ಲಿ ಮತ್ತೆ ಅದ್ದಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಗುಂಡನೆಯ ತಿಳಿ ಚುಕ್ಕೆಗಳಿದ್ದರೆ ಗಾಳಿಗುಳ್ಳೆ ಅಂಟಿಕೊಂಡಿತ್ತೆಂದು ಅರ್ಥ. ಡಬ್ಬಿಯನ್ನು ಆರಂಭದಲ್ಲಿಯೇ ಮೆಲ್ಲಗೆ ಕುಟ್ಟಬೇಕಿತ್ತು. ನನ್ನ ಅಂಚಿನ ಅಕ್ಷರಗಳು ಓದುವಂತಿದ್ದವು, ಫಿಲ್ಮು ತಿಳಿಯಾಗಿತ್ತು. ಆದರೆ ತಣ್ಣೀರಿನಿಂದ ಬಿಸಿನೀರಿಗೆ ಹಠಾತ್ತನೆ ಬಿದ್ದ ಜೆಲಟಿನ್ ಪದರ ಉಬ್ಬಿ ಸುಕ್ಕುಗಟ್ಟಿತ್ತು. ಈ ಒಂದು ದೋಷಕ್ಕೆ ಮದ್ದಿಲ್ಲ.

ಈ ಪಟ್ಟಣದಲ್ಲಿ ಸೆಕೆಯಿಂದ ಚಿತ್ರ ಕೆಡಿಸಿಕೊಂಡವರಲ್ಲಿ ನಾನು ಮೊದಲಿಗನಲ್ಲವೆಂಬ ಸಮಾಧಾನಕ್ಕಾಗಿಯೇ ಹಳೆಯದನ್ನು ಓದತೊಡಗಿದೆ. ಮದರಾಸಿನಲ್ಲಿ ಶಸ್ತ್ರವೈದ್ಯ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ತೆರೆದ ಕಲಾಶಾಲೆಯಲ್ಲಿ ಅದೇ ದಶಕದಲ್ಲಿ ಛಾಯಾಚಿತ್ರ ವಿದ್ಯೆಯನ್ನೂ ಕಲಿಸತೊಡಗಿದರು. ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಅದರದೇ ಮುಂದುವರಿಕೆ. 1856ರಲ್ಲಿ ಮದರಾಸ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಅದೇ ವರ್ಷ ಮದರಾಸ್ ಸರ್ಕಾರ ತನ್ನ ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿದ್ದು ಕಂಪನಿ ಸೈನ್ಯದ ಅಧಿಕಾರಿ ಟ್ರೈಪನನ್ನು. ಅವನು ನೆಲೆ ಮಾಡಿಕೊಂಡದ್ದು ಮದರಾಸಿನಲ್ಲಲ್ಲ, ಬೆಂಗಳೂರಿನಲ್ಲಿ. ಬರ್ಮಾದಲ್ಲಿ ತೆಗೆದ ಚಿತ್ರಗಳಲ್ಲಿ 120ನ್ನು ಆರಿಸಿ, 50 ಸಂಪುಟಗಳಿಗಾಗಿ, ಅಂದರೆ ಒಟ್ಟು 6,000 ಪ್ರತಿಗಳನ್ನು ಅಚ್ಚುಹಾಕಿದ್ದೂ ಅಲ್ಲಿಯೇ. ಅಷ್ಟನ್ನು ತೊಳೆಯಲು ಬೇಕಾದ ನೀರನ್ನು ನೆನೆದರೆ, ಬೆಂಗಳೂರಿನ ಹವೆ ಅವನಿಗೆ ಎಷ್ಟು ಒದಗಿ ಬಂದಿರಬೇಕೆಂದು ಊಹಿಸಬಲ್ಲೆ.

ಟ್ರೈಪನ ಹೆಸರು ಮದರಾಸಿನಲ್ಲಿ ಮೊದಲು ಕೇಳಿಬಂದದ್ದು 1855ರ ಪ್ರದರ್ಶನದಲ್ಲಿ; ಅಲ್ಲಿ ಅವನ 68 ಚಿತ್ರಗಳಿದ್ದವು. ಅದಕ್ಕೆ ಮುಂಚೆ, 1854ರ ಡಿಸೆಂಬರಿನಲ್ಲಿ, ಡಾಕ್ಟರ್ ಆಂಡ್ರೂ ನೀಲನೊಡನೆ ಅವನು ಚಿತ್ರ ತೆಗೆಯಲು ಹೋದದ್ದು ಬೇಲೂರು, ಹಳೇಬೀಡಿಗೆ. ಇದನ್ನು ಓದಿದ ದಿನ ನನ್ನ ಕೆಟ್ಟ ಸುರುಳಿಯನ್ನು ಪುನಃ ಹೊರತೆಗೆದು ನೋಡಿದೆ.

ಅವನ ಕಾಲಕ್ಕೆ ಫಿಲ್ಮೂ ಇರಲಿಲ್ಲ, ಜೆಲಟಿನ್ನೂ ಇರಲಿಲ್ಲ. ಅವನು ಬಳಸಿದ್ದು ಹೆಚ್ಚಾಗಿ ಮೇಣ ಹೀರಿಸಿದ ಕಾಗದ; ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನ. ಗಾಜಿನ ಮೇಲೆ ಕೊಲೋಡಿಯನ್ ಬಳಿದು ಹಸಿಯಿರುವಾಗಲೇ ಚಿತ್ರ ತೆಗೆದು ತೊಳೆಯುವ ವಿಧಾನವೂ ಇತ್ತಾದರೂ ಅದರಲ್ಲಿನ ಈಥರ್ ನಮ್ಮ ಬಿಸಿಲಿಗೆ ನೋಡನೋಡುತ್ತಲೇ ಆರುತ್ತದೆ. ಮೇಣದ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದು, ಗ್ಯಾಲಿಕ್ ಆಮ್ಲದಲ್ಲಿ ನಿಧಾನವಾಗಿ ಚಿತ್ರ ಬರಿಸಬಹುದು. ಆದರೆ ಸೆಕೆಗೆ ಆ ದ್ರಾವಣ ಬೇಗ ಕಂದು ತಿರುಗಿ, ಬೆಳಕು ತಾಗದ ಕಡೆಯೂ ಕಲೆ ಹಿಡಿಸುತ್ತದೆ. ಸಾಲದ್ದಕ್ಕೆ ಅಂದಿನ ಕಾಗದ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದುದರಿಂದ ಕಲ್ಲಿನ ವಿವರ ಮೂಡುವಷ್ಟರಲ್ಲಿ ಆಕಾಶ ಅತಿಯಾಗಿ ಬೆಂದುಹೋಗುತ್ತಿತ್ತು. ಬಯಲಿನಂತಹ ಆ ಭಾಗದಲ್ಲಿ ಪ್ರತಿಯೊಂದು ಕಲೆ, ಪ್ರತಿಯೊಂದು ಸೂಜಿರಂಧ್ರ ಎದ್ದು ಕಾಣುತ್ತದೆ.

ಟ್ರೈಪ್ ಮಾಡಿದ್ದು ಇಷ್ಟು: ನೆಗೆಟಿವ್‌ಗಳ ಆಕಾಶಕ್ಕೆ ಕುಂಚ ಹಿಡಿದು ಬಣ್ಣ ಬಳಿದು ಕಲೆಗಳನ್ನು ಮುಚ್ಚಿದ. ಕೆಲವೆಡೆ ಮೋಡಗಳನ್ನೂ ಬರೆದ, ಮರಗಳ ಎಲೆಗಳನ್ನೂ ತಿದ್ದಿದ. ನಾವು ಮೆಚ್ಚುವ ಎಷ್ಟೋ ಶುಭ್ರ ಆಕಾಶಗಳು ಅವನ ಕೈಬರಹ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಅದೇ 1858ರಲ್ಲಿ ಬೃಹದೀಶ್ವರ ವಿಮಾನದ ಅಧಿಷ್ಠಾನದ ಶಾಸನಗಳನ್ನು ತುಂಡುತುಂಡಾಗಿ ತೆಗೆದು, 21 ಮುದ್ರಣಗಳನ್ನು ಕೂಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರ ಮಾಡಿದವನೂ ಅವನೇ. ಅದರ ಬೆಲೆಯೆಲ್ಲ ಇರುವುದು ಅಕ್ಷರ ಅಕ್ಷರವಾಗಿರುವುದರಲ್ಲಿ.

1859ರಲ್ಲಿ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್, ಬೊಕ್ಕಸದ ಈ ಸ್ಥಿತಿಯಲ್ಲಿ ಇದು ದುಬಾರಿ ಐಷಾರಾಮವೆಂದು ಟಿಪ್ಪಣಿ ಬರೆದು ಆ ಕಚೇರಿಯನ್ನು ಮುಚ್ಚಿಸಿದ. (ದಿನವೂ ಕಡತ ನೋಡುವ ನನಗೆ ಆ ಟಿಪ್ಪಣಿಯ ಧಾಟಿ ಹೊಸತೆನಿಸಲಿಲ್ಲ.) ಟ್ರೈಪ್ ಆಮೇಲೆ ಕ್ಯಾಮೆರಾವನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟ.

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಜೆಲಟಿನ್ ಫಲಕವನ್ನು ಪ್ರಕಟಿಸಿದ ಮೇಲೆ ಕೆಲಸ ಹಗುರವಾಯಿತು, ಆದರೆ ಸೆಕೆಗೆ ಹೊಸದೊಂದು ಗುರಿ ಸಿಕ್ಕಿತು. ಬೆಚ್ಚನೆಯ ನೀರಿನಲ್ಲಿ ಜೆಲಟಿನ್ ಮೆತ್ತಗಾಗಿ ಅಂಚಿನಿಂದ ಕಿತ್ತು ಬರುತ್ತದೆ. ಉಷ್ಣದೇಶಗಳ ಕೈಪಿಡಿಗಳು ಅದಕ್ಕೆಂದೇ ಡೆವಲಪರಿಗೆ ಸೋಡಿಯಂ ಸಲ್ಫೇಟ್ ಬೆರೆಸಿ ಉಬ್ಬುವುದನ್ನು ತಡೆಯಲು, ಕ್ರೋಮ್ ಆಲಮ್‌ನಲ್ಲಿ ಅದ್ದಿ ಗಟ್ಟಿಮಾಡಲು ಹೇಳಿದವು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತನ್ನ ‘ಇಂದು’ ಫಿಲ್ಮನ್ನು ತಯಾರಿಸಿದ್ದು ಊಟಿಯ ತಂಪಿನಲ್ಲಿ. ಅದೂ ಈಗ ಮುಚ್ಚಿದೆ.

ಈಗ ನಾನು 20 ಡಿಗ್ರಿಯ ಹಠ ಬಿಟ್ಟಿದ್ದೇನೆ. ಹಿಂದಿನ ರಾತ್ರಿಯೇ ಬಕೆಟ್ಟುಗಳಲ್ಲಿ ನೀರು ಹಿಡಿದು, ಡೆವಲಪರ್, ಹೈಪೋ ಬಾಟಲಿಗಳನ್ನು ಅದರ ಪಕ್ಕದಲ್ಲಿಯೇ ಇಡುತ್ತೇನೆ. ಬೆಳಗಿನ ಹೊತ್ತಿಗೆ ಎಲ್ಲವೂ ಒಂದೇ ಶಾಖಕ್ಕೆ ಬಂದಿರುತ್ತವೆ. ಆ ಶಾಖಕ್ಕೆ ತಕ್ಕಂತೆ ಹೊತ್ತನ್ನು ಇಳಿಸುತ್ತೇನೆ. ಅದು ಐದು ನಿಮಿಷಕ್ಕಿಂತ ಕೆಳಗಿಳಿಯುವಂತಿದ್ದರೆ ಡೆವಲಪರಿಗೆ ಇನ್ನಷ್ಟು ನೀರು ಬೆರೆಸುತ್ತೇನೆ, ಇಲ್ಲವಾದರೆ ಚಿತ್ರ ಸಮನಾಗಿ ಬರುವುದಿಲ್ಲ. ಮೇ ತಿಂಗಳಲ್ಲಿ ಮುಟ್ಟುವುದೇ ಇಲ್ಲ.

ಹಳೇಬೀಡಿನ ಆ ಮೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಿಕೊಡುತ್ತೇನೆಂದು ಕಚೇರಿಯ ಕಿರಿಯ ಗೆಳೆಯನೊಬ್ಬ ಮುಂದೆ ಬಂದ. ಹತ್ತು ನಿಮಿಷದ ಕೆಲಸ ಸಾರ್, ಅಂದ. ಆಕಾಶವನ್ನು ತಿದ್ದಿಸಿಕೊಂಡೆ. ಅತ್ತೆಯ ಮುಖಕ್ಕೆ ಬಂದಾಗ ಸಾಕು ಎಂದೆ.