ಮಕ್ಕಳ ಎಡಿಎಚ್‌ಡಿ ಮತ್ತು ಮಿದುಳಿನ ಪ್ರಚೋದನೆ

ಮಗು ತರಗತಿಯಲ್ಲಿ ಕುಳಿತಲ್ಲಿ ಕೂರುವುದಿಲ್ಲ, ಔಷಧಿ ಕೊಡಲು ಮನಸ್ಸೊಪ್ಪದು; ತಲೆಗೆ ಸೌಮ್ಯ ವಿದ್ಯುತ್ ಹಾಯಿಸುವ ಚಿಕಿತ್ಸೆ ಕೊಡಿಸಬಹುದೇ? ದ್ವಾರಕಾ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಏಳಬಹುದಾದ ಪ್ರಶ್ನೆಯಿದು.

ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಗಮನ ನಿಲ್ಲದಿರುವುದು, ಅತಿಚಟುವಟಿಕೆ, ದುಡುಕು ಇದರ ಲಕ್ಷಣಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಕಾರಣಕ್ಕೆ ಇದು ಬರುವುದಿಲ್ಲ; ಮನೆಮಾತನ್ನು ಬಿಡಿಸಿದರೆ ಹೋಗುವುದೂ ಇಲ್ಲ.

ಶಸ್ತ್ರಕ್ರಿಯೆಯಿಲ್ಲದ ಪ್ರಚೋದನೆಯಲ್ಲಿ ಹಲವು ಕ್ರಮಗಳಿವೆ. ಟಿಎಂಎಸ್‌ನಲ್ಲಿ ತಲೆಯ ಬಳಿ ಹಿಡಿದ ಸುರುಳಿಯಿಂದ ಕಾಂತೀಯ ಮಿಡಿತಗಳನ್ನು ಕಳುಹಿಸುತ್ತಾರೆ. ಟಿಡಿಸಿಎಸ್‌ನಲ್ಲಿ ತಲೆಯ ಮೇಲಿಟ್ಟ ಒದ್ದೆ ಸ್ಪಂಜುಗಳ ಮೂಲಕ ಒಂದೆರಡು ಮಿಲಿಆಂಪಿಯರ್ ವಿದ್ಯುತ್ ಹಾಯಿಸುತ್ತಾರೆ. ಹೆಚ್ಚು ಆಸೆ ಹುಟ್ಟಿಸಿದ್ದು ಮತ್ತೊಂದು ಕ್ರಮ: ಮಗು ನಿದ್ರಿಸುವಾಗ ಹಣೆಗೆ ಅಂಟಿಸಿದ ಪಟ್ಟಿಯಿಂದ ಟ್ರೈಜೆಮಿನಲ್ ಎಂಬ ಮುಖದ ನರವನ್ನು ಪ್ರಚೋದಿಸುವುದು. ಲಾಸ್ ಏಂಜಲೀಸಿನಲ್ಲಿ 62 ಮಕ್ಕಳ ಮೇಲೆ ನಾಲ್ಕು ವಾರ ನಡೆದ ಪ್ರಯೋಗದ ಆಧಾರದಿಂದ, ಎಡಿಎಚ್‌ಡಿಗೆ ಔಷಧಿ ಸೇವಿಸದ 7ರಿಂದ 12 ವರ್ಷದ ಮಕ್ಕಳಿಗೆ ಈ ಉಪಕರಣವನ್ನು ಬಳಸಲು ಅಮೆರಿಕದ ಎಫ್‌ಡಿಎ 2019ರಲ್ಲಿ ಅನುಮತಿ ನೀಡಿತು. ಆದರೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ನೇತೃತ್ವದಲ್ಲಿ 150 ಮಕ್ಕಳು ಪಾಲ್ಗೊಂಡ, 2026ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜವಾದ ಉಪಕರಣಕ್ಕೂ ಹುಸಿ ಉಪಕರಣಕ್ಕೂ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಕಾಲೇಜಿನವರು 50 ಬಾಲಕರಿಗೆ 15 ಸಲ ಟಿಡಿಸಿಎಸ್ ನೀಡಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ವಿಶೇಷ ಪ್ರಯೋಜನ ಕಂಡುಬರಲಿಲ್ಲ.

ಹುಸಿ ಉಪಕರಣವೇಕೆ ಎಂದು ಕೇಳಬಹುದು. ಪ್ರತಿರಾತ್ರಿ ಪಕ್ಕದಲ್ಲಿ ಕುಳಿತು ಪಟ್ಟಿ ಅಂಟಿಸುವ ಅಕ್ಕರೆ, ಗುಣವಾಗುವುದೆಂಬ ನಿರೀಕ್ಷೆ, ಇವೆರಡೂ ಮಗು ಸುಧಾರಿಸಿತೆಂಬ ಭಾವನೆಯನ್ನು ಹೆತ್ತವರಲ್ಲಿ ಮೂಡಿಸಬಲ್ಲವು. ಅದನ್ನು ಬೇರ್ಪಡಿಸಿ ನೋಡದೆ ಉಪಕರಣದ ಗುಣವನ್ನು ಅಳೆಯಲಾಗದು. ಆದುದರಿಂದ ಅನ್ಯರ ಮಗುವಿಗೆ ಗುಣವಾಯಿತೆಂಬ ಮಾತನ್ನು ನಂಬಿ ಹತ್ತಾರು ಸಿಟಿಂಗ್‌ಗಳಿಗೆ ಮುಂಗಡ ಹಣ ಕಟ್ಟುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ. ಟಿಎಂಎಸ್‌ಗೆ ವಯಸ್ಕರ ಖಿನ್ನತೆಯಲ್ಲಿ ಮಾನ್ಯತೆಯಿರುವುದು ನಿಜ. ಅದರಿಂದ ಮಕ್ಕಳ ಎಡಿಎಚ್‌ಡಿಗೂ ಅದು ಸಲ್ಲುತ್ತದೆಂದಾಗುವುದಿಲ್ಲ. ಅಪರೂಪಕ್ಕೆ ಫಿಟ್ಸ್ ಬರುವ ಅಪಾಯವೂ ಅದರಲ್ಲಿದೆ.

ಸದ್ಯ ಆಧಾರವುಳ್ಳ ಮಾರ್ಗಗಳೆಂದರೆ ಪೋಷಕರಿಗೆ ತರಬೇತಿ, ಶಾಲೆಯ ಸಹಕಾರ ಹಾಗೂ ಅಗತ್ಯಬಿದ್ದಲ್ಲಿ ತಜ್ಞರ ನಿಗಾದಲ್ಲಿ ಮಿಥೈಲ್‌ಫೆನಿಡೇಟ್‌ನಂತಹ ಔಷಧಿ. ಈಗಾಗಲೇ ಔಷಧಿ ಸೇವಿಸುತ್ತಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು. ದೆಹಲಿಯಲ್ಲಿ ಏಮ್ಸ್ ಹಾಗೂ ದಿಲ್‌ಶಾದ್ ಗಾರ್ಡನ್ನಿನ ಇಹ್ಬಾಸ್, ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.