ಕಂಬಳಿ ಜೋಲಿಯಿಂದ ಪುಟ್ಟ ವಿಮಾನಕ್ಕೆ

‘ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ’ ಎಂಬ ಗಾದೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಕಾಡು, ಹಳ್ಳ, ಉಂಬಳಗಳನ್ನು ದಾಟಿ ಭೈರವೇಶ್ವರ ಶಿಖರದ ಬುಡಕ್ಕೆ ಬರಲು ಸೊಕ್ಕು ಬೇಕಿತ್ತು, ನಿಜ. ಆದರೆ ಯಾಣದಿಂದ ಹೊರಗೆ ಹೋಗಲು ಬಸುರಿ ಹೆಂಗಸಿಗೆ ಏನು ಬೇಕಿತ್ತು ಎಂಬುದನ್ನು ಗಾದೆ ಕಟ್ಟಿದವರು ಯೋಚಿಸಿರಲಿಕ್ಕಿಲ್ಲ.

ನಾನು ಹುಟ್ಟುವ ಮೊದಲು, 1960ರ ದಶಕದಲ್ಲಿ, ಆಯಿಗೆ ಒಂದು ಗಂಡು ಮಗು ಆಗಿತ್ತಂತೆ. ಆಷಾಢದ ಮಳೆ; ಹಳ್ಳದ ಸಂಕ ಕೊಚ್ಚಿಹೋಗಿತ್ತು. ಕಂಬಳಿಯ ಎರಡು ತುದಿಗಳನ್ನು ಬಿದಿರ ಗಳಕ್ಕೆ ಕಟ್ಟಿ, ಆ ಜೋಲಿಯಲ್ಲಿ ಆಯಿಯನ್ನು ಮಲಗಿಸಿ, ಸರದಿಯ ಮೇಲೆ ಹೊತ್ತುಕೊಂಡು ಕುಮಟೆಯ ದಾರಿ ಹಿಡಿದರು. ನೀರು ಇಳಿಯಲೆಂದು ದಂಡೆಯಲ್ಲಿ ಕಾದದ್ದೇ ಬಂತು. ಹೆರಿಗೆ ಅಲ್ಲೇ ಆಯಿತು, ಮಗು ಉಳಿಯಲಿಲ್ಲ. ಆಯಿ ಇದನ್ನು ಒಮ್ಮೆ ಮಾತ್ರ ಹೇಳಿದ್ದಳು, ಅದೂ ಅಡಿಕೆ ಸುಲಿಯುತ್ತ, ತಲೆ ಎತ್ತದೆ.

ನನ್ನ ಕಾಲಕ್ಕೆ ಬಸ್ಸು ಬಂತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ನಂತರ 2019ರಲ್ಲಿ ಬೆಂಗಳೂರಿನಿಂದ ಮಗಳ ಫೋನು: ಚೊಚ್ಚಲ ಬಾಣಂತನಕ್ಕೆ ಹುಬ್ಬಳ್ಳಿಯವರೆಗೆ ವಿಮಾನದಲ್ಲಿ ಬರುತ್ತಾಳಂತೆ, ಎರಡು ರೆಕ್ಕೆಪಂಖದ, ಎಪ್ಪತ್ತು ಸೀಟುಗಳ ಪುಟ್ಟ ವಿಮಾನ! “ಏಳನೇ ತಿಂಗಳಲ್ಲಿ ಆಕಾಶದಲ್ಲೇ?” ಎಂದೆ. “ಎಂತೂ ಆಗ್ತಿಲ್ಲೆ ಆಯಿ” ಎಂದಳು. ನನ್ನ ಕಣ್ಣಿಗೆ ಮಾತ್ರ ಜೋಲಿಯೇ ಕಾಣುತ್ತಿತ್ತು.

ಮಕ್ಕಳಿಗೆ ಇತಿಹಾಸ ಹೇಳುವವಳು ನಾನು. ಹೆದರಿಕೆಯಾದಾಗ ಓದುವುದು ನನ್ನ ಅಭ್ಯಾಸ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲಿಂದ ಮದರಾಸಿಗೆ ಒಯ್ದರು. ಅಂಥ ವಿಮಾನದೊಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡು ಇರಲಿಲ್ಲ. ಮೇಲೇರಿದಷ್ಟೂ ಉಸಿರು ತೆಳುವಾಗುತ್ತಿತ್ತು. ಈಗಿನ ಪ್ರಯಾಣಿಕ ವಿಮಾನಗಳು ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿ ಸಾಮಾನ್ಯವಾಗಿ 8000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗದಂತೆ ನೋಡಿಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಗಿಂತ ಅದು ಎತ್ತರವೇ. ಆದರೂ ಆರೋಗ್ಯವಂತ ಬಸುರಿಗೆ, ಹೊಟ್ಟೆಯ ಮಗುವಿಗೆ ಅಷ್ಟು ಹೊತ್ತು ತೊಂದರೆಯಿಲ್ಲ. ರಕ್ತ ತೀರ ಕಡಿಮೆ ಇದ್ದವರು, ಬಸುರಿನಲ್ಲಿ ತೊಡಕಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹೊರಡಬಾರದು. 28 ವಾರ ಕಳೆದ ಮೇಲೆ ವಿಮಾನದವರು ಸಾಮಾನ್ಯವಾಗಿ ವೈದ್ಯರ ಚೀಟಿ ಕೇಳುತ್ತಾರೆ. 36 ವಾರದ ನಂತರ ಹೆಚ್ಚಿನವರು ಹತ್ತಿಸಿಕೊಳ್ಳುವುದಿಲ್ಲ. ಮುಖ್ಯ ಕಾರಣ, ನಡುವೆ ನೋವು ಶುರುವಾದರೆ ಸೂಲಗಿತ್ತಿಯಾಗಲಿ ಆಸ್ಪತ್ರೆಯಾಗಲಿ ಅಲ್ಲಿಲ್ಲ. ಓದುತ್ತ ನನಗೆ ಹೊಳೆದದ್ದಿಷ್ಟು: ಆಯಿಗೆ ಆಗಿದ್ದೂ ಅದೇ ಅಲ್ಲವೆ? ಜೋಲಿಯ ತಪ್ಪಲ್ಲ, ದಾರಿ ದೂರವಾಯಿತು, ನೆರವು ಆಚೆ ದಡದಲ್ಲಿ ಉಳಿಯಿತು.

ಮಗಳು ಬೆಲ್ಟನ್ನು ಹೊಟ್ಟೆಯ ಕೆಳಗೆ ಬಿಗಿದು, ನೀರು ಕುಡಿಯುತ್ತ, ಕಾಲಾಡಿಸುತ್ತ ಒಂದು ತಾಸಿನಲ್ಲಿ ಹುಬ್ಬಳ್ಳಿಗೆ ಇಳಿದಳು. ಆಮೇಲೆ ಶಿರಸಿಯಿಂದ ದೇವಿಮನೆ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿ ಸುಸ್ತಾದಳು. “ಆಕಾಶವೇ ವಾಸಿ” ಎಂದಳು.

ಮೊಮ್ಮಗಳಿಗೆ ಮೂರು ತಿಂಗಳು ತುಂಬಿ, ಕಳಿಸಿ ಬರಲು ಹೋದಾಗ ನಾನೂ ಮೊದಲ ಸಲ ವಿಮಾನ ಹತ್ತಿದೆ. ಕೂಸನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ತಾಯಿಯ ಬೆಲ್ಟಿಗೆ ಪೋಣಿಸಿದ ಬೇರೆ ಪುಟ್ಟ ಬೆಲ್ಟು ಕಟ್ಟಿದರು. ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದೆ ಕೂಸುಗಳು ಅಳುತ್ತವೆ. ನುಂಗಿದರೆ ಕಿವಿ ಬಿಡುತ್ತದೆ. ಮಗಳು ಸೆರಗು ಎಳೆದುಕೊಂಡು ಹಾಲು ಕೊಟ್ಟಳು. ಕೂಸು ಕುಡಿಯುತ್ತಲೇ ನಿದ್ದೆಹೋಯಿತು.

ಊರಿಗೆ ಮರಳಿದ ಮೇಲೆ ಆಯಿಗೆ ಎಲ್ಲವನ್ನೂ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಡುವೆ ಹಳ್ಳ ಇರಲಿಲ್ಲವಲ್ಲ” ಎಂದಳು.